ರೇಸ್ ಇಲ್ಲದ ಸೈಕಲ್

ಅಕ್ಟೋಬರ್ ೧೨, ರವಿವಾರ

ಬೈಯಬೇಕೆಂದರೆ ಈ ಮನೆಯಲ್ಲಿ ಯಾರೂ ಕೈಗೆ ಸಿಗುವುದಿಲ್ಲ. ಅಪ್ಪನಿಗೆ ಬೈದರೆ ಅವ್ವನಿಗೆ ಸಿಟ್ಟು, ಅವ್ವನಿಗೆ ಬೈದರೆ ಅಪ್ಪನಿಗೆ. ಸೋದರತ್ತೆಗೆ ಬೈಯುವ ಧೈರ್ಯವಂತೂ ನಮ್ಮೂರು ತುರೋರಿಯಲ್ಲೇ ಯಾರಿಗೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಸವಕಲ್ಯಾಣದ ಅಜ್ಜಿಯ ಮನೆಯಲ್ಲಿದ್ದು ಏಳನೆಯ ತರಗತಿವರೆಗೆ ಕನ್ನಡ ಶಾಲೆಗೆ ಹೋದವಳು ನಾನೊಬ್ಬಳೇ. ಗಡಿಯ ಈಚೆಗಿನ ಈ ಊರಲ್ಲಿ ಓದು ಬರುವವರಿಗೆಲ್ಲ ಬರುವುದು ಮರಾಠಿ. ಕನ್ನಡದಲ್ಲಿ ಬರೆದದ್ದು ಕೀಲಿ ಹಾಕಿ ಇಟ್ಟಷ್ಟೇ ಭದ್ರ.

ನನ್ನ ಅಣ್ಣ, ನೀಲೇಶಣ್ಣ, ನಿಲಂಗಾದಿಂದ ಬಂದಿದ್ದಾನೆ. ಅಲ್ಲಿ ಎಲೆಕ್ಟ್ರಿಕ್ ಗಾಡಿಗಳ ಅಂಗಡಿಯಲ್ಲಿ ಅವನಿಗೆ ಕೆಲಸ. ಅತ್ತೆಗೆಂದು ಒಂದು ಮೋಟರ್ ಚಕ್ರ, ಬ್ಯಾಟರಿ, ಒಂದು ಮಣ ವೈರು ತಂದು ಅಪ್ಪನ ಅಂಗಡಿಯಲ್ಲಿ ಸುರಿದ. ಹೈವೇ ಪಕ್ಕದ ನಮ್ಮ ಪಂಕ್ಚರ್ ಅಂಗಡಿಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಕೂಡುವವಳು ನಾನೇ ಆದ್ದರಿಂದ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಲೇಡೀಸ್ ಸೈಕಲ್ಲಿನ ಹಿಂದಿನ ಚಕ್ರ ಕಿತ್ತು ಇದನ್ನು ಹಾಕಿದೆ.

ಇದು ಎರಡು ರೀತಿ ಓಡುತ್ತದೆ. ಪೆಡಲ್ ತುಳಿದರೆ ಮೋಟರ್ ಹಿಂದಿನಿಂದ ನೂಕುತ್ತದೆ. ಇಲ್ಲವೇ ಬಲಗೈ ಹಿಡಿಕೆಯ ಥ್ರಾಟಲ್ ತಿರುಗಿಸಿದರೆ ಸಾಕು, ಕಾಲು ಎತ್ತಿಟ್ಟುಕೊಂಡು ಕೂಡಬಹುದು. ಇಲ್ಲಿ ಎಲ್ಲರೂ ಅದಕ್ಕೆ ರೇಸ್ ಎನ್ನುತ್ತಾರೆ. ನಾನು ರೇಸ್ ಕೊಟ್ಟು ಉಮರ್ಗಾದ ಕಡೆ ಅರ್ಧ ದಾರಿ ಹೋಗಿ ಬಂದೆ. ಕೂದಲು ಹಾರಿತು. ಎಷ್ಟೋ ತಿಂಗಳ ನಂತರ ಎಲ್ಲಿಗೋ ಹೋಗುತ್ತಿದ್ದೇನೆ ಅನ್ನಿಸಿತು. ಮೋಟರ್ ಇದ್ದ ಮೇಲೆ ಪೆಡಲ್ ಯಾಕೆ ಇಟ್ಟಿದ್ದಾರೋ ತಿಳಿಯಲಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಅತ್ತೆಯ ಹೆಸರು ಪ್ರಯಾಗಬಾಯಿ. ಅಪ್ಪನ ಅಕ್ಕ. ಮಾವ ತೀರಿಹೋದ ಮೇಲೆ ನಮ್ಮಲ್ಲೇ ಇದ್ದಾಳೆ. ಪ್ರತಿ ವರ್ಷ ಕಾರ್ತಿಕದ ಕೊನೆಯ ಸೋಮವಾರಕ್ಕೆ ಉಮರ್ಗಾದಿಂದ ಉದಗೀರದ ಮಠಕ್ಕೆ ನಡೆದು ಹೋಗುವವರ ಜೊತೆ ಹೋಗುತ್ತಾಳೆ. ನಾಲ್ಕು ದಿನದ ದಾರಿ. ಮಠದ ಬಾಗಿಲಲ್ಲಿ ಉದಗೀರದ ಮನೆಗಳ ಹೆಣ್ಣುಮಕ್ಕಳು ಬಿಂದಿಗೆ ಹಿಡಿದು ನಿಂತು, ನಡೆದು ಬಂದವರ ಕಾಲು ತೊಳೆದು ಒಳಗೆ ಕರೆಯುತ್ತಾರೆ. ಗಾಡಿಯಲ್ಲಿ ಬಂದವರು ಪಕ್ಕದ ಬಾಗಿಲಿನಿಂದ ತಾವೇ ಹೋಗಬೇಕು.

ಹೋದ ವರ್ಷ ಕಾಸಾರ ಶಿರಸಿ ದಾಟುವಷ್ಟರಲ್ಲಿ ಅತ್ತೆಯ ಮೊಣಕಾಲು ಕೈಕೊಟ್ಟಿತು. ಪಾತ್ರೆ ಹೇರಿದ ಟೆಂಪೋದಲ್ಲಿ ಕೂಡಿಸಿ ಉದಗೀರಕ್ಕೆ ಒಯ್ದರು. ಪಕ್ಕದ ಬಾಗಿಲಿನಲ್ಲಿ ಇಳಿಸಿದರು. ಬಂದ ಮೇಲೆ ಅವಳು ಆ ಮಾತು ಎತ್ತಲೇ ಇಲ್ಲ. ಸಣ್ಣದೊಂದು ತಪ್ಪಿಗೆ ಓಣಿಯೆಲ್ಲ ಕೇಳುವಂತೆ ಕೂಗುವವಳು ಎಷ್ಟೋ ದಿನ ಸುಮ್ಮನೆ ಸೋಯಾ ಕೇರುತ್ತಿದ್ದಳು. ಅದನ್ನು ನೋಡಿ ನನಗೂ ಹೆದರಿಕೆಯಾಗಿತ್ತು.

ಡಾಕ್ಟರು ದೂರ ನಡೆಯಬೇಡಿ ಅಂದಿದ್ದಾರೆ. ಸೈಕಲ್ ತುಳಿದರೆ ಒಳ್ಳೆಯದೇ ಅಂದಿದ್ದಾರೆ. ಲಗ್ನದ ಮೊದಲು ಅತ್ತೆ ಸೈಕಲ್ ಮೇಲೆ ಉಮರ್ಗಾದ ಶಾಲೆಗೆ ಹೋಗುತ್ತಿದ್ದವಳು. ಇವತ್ತು ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಎರಡು ಸಲ ಓಲಾಡಿದಳು, ಮೂರನೆಯ ಸಲ ರೇಸ್ ತಿರುಗಿಸಿ ನಮ್ಮನ್ನೆಲ್ಲ ಬಿಟ್ಟು ಹೋದಳು.

“ಅಕ್ಕಾ, ಬ್ರೇಕ್! ಬ್ರೇಕ್ ಹಿಡಿ!” ಅಪ್ಪ ಹಿಂದೆ ಓಡಿದ.

“ನೀ ಹಿಡಕೋ ನಿನ್ನ ಪಂಚಾ,” ಅಂದಳು ತಿರುಗಿ ನೋಡದೆ. ಅಪ್ಪನ ಪಂಚೆ ನಿಜಕ್ಕೂ ಬಿಚ್ಚಿತ್ತು.

ಅಕ್ಟೋಬರ್ ೧೭, ಶುಕ್ರವಾರ

ಕೆಟ್ಟ ದಿನ.

ನಡೆಯುವವರ ಯಜಮಾನಿಕೆ ಉಮರ್ಗಾದ ಬಸವಣ್ಣೆಪ್ಪ ಕಾಕಾನದು. ಕಿರಾಣಿ ಅಂಗಡಿ. ಅಂಗಡಿಯ ಮುಂದಿನ ಬಾಕಿನ ಮೇಲೆ ಯಾವಾಗಲೂ ರೇವಣಪ್ಪಜ್ಜ ಇರುತ್ತಾನೆ, ದಾರಿಯುದ್ದಕ್ಕೂ ಧ್ವಜ ಹಿಡಿಯುವವನು. ಅತ್ತೆ ಬರುವ ಸುದ್ದಿ ಹೇಳಲು ನಾನೇ ಹೋದೆ.

“ಕಾಕಾ, ಅತ್ತಿ ಈ ಸಲ ಸೈಕಲ್ ಮ್ಯಾಲ ಬರ್ತಾಳ್ರೀ.”

“ಬರಲಿ. ಟೆಂಪೋದ ಹಿಂದ ಬರಲಿ.”

“ಟೆಂಪೋದ ಹಿಂದ ಅಲ್ರೀ, ನಡಿಯೋರ ಸಂಗಟ.”

ಕಾಕಾ ಕನ್ನಡಕ ತೆಗೆದ. “ಬರೇ ಸೈಕಲ್ಲೋ, ಒಳಗ ಏನರ ಅದನೋ?”

ಬರೇ ಸೈಕಲ್ ಅನ್ನಬಹುದಿತ್ತು. ಕೇಳಿದ ಮೇಲೆ ಹೇಳದೆ ಹೇಗಿರುವುದು. “ಮೋಟರ್ ಅದರೀ. ಪೆಡಲ್ ತುಳದ್ರೂ ಹೋಗ್ತದ, ರೇಸ್ ಕೊಟ್ರೂ ಹೋಗ್ತದ.”

“ರೇಸ್ ಇದ್ದದ್ದೆಲ್ಲಾ ಫಟಫಟಿನೇ,” ಅಂದ ರೇವಣಪ್ಪಜ್ಜ ಬಾಕಿನಿಂದ.

“ನಿಮ್ಮ ಹಿಟ್ಟಿನ ಗಿರಣಿಗೂ ರೇಸ್ ಅದ, ಹಂಗಾರ ಅದೂ ಫಟಫಟಿ ಏನಜ್ಜಾ?”

“ಬಾಯಿ ನೋಡು ಇಕಿದು. ಥೇಟ್ ಪ್ರಯಾಗಬಾಯಿ.”

ಕಾಕಾ ನಗಲಿಲ್ಲ. ಎರಡು ವರ್ಷದ ಹಿಂದೆ ಹುಡುಗರು ಮೋಟರ್‌ಸೈಕಲ್ ಮೇಲೆ ಹಾರ್ನ್ ಹೊಡೆಯುತ್ತ, ಮೊಬೈಲಿನಲ್ಲಿ ತಮ್ಮದೇ ಮುಖ ಹಿಡಿಯುತ್ತ ಬಂದದ್ದನ್ನು ಹೇಳಿದ. “ಇವತ್ತ ನಿಮ್ಮತ್ತಿ ರೇಸ್ ತಿರವ್ತಾಳ. ನಾಳೆ ರೇವಣಪ್ಪನ ಮಮ್ಮಗ ತಿರವ್ತಾನ. ನಾ ಯಾರಿಗಂತ ಬ್ಯಾಡ ಅನ್ಲಿ? ಒಂದ್ ಮಾತ್ ಕೇಳು. ಆ ರೇಸ್ ತಗದು ಒಗಿ. ಕಾಲು ತಿರಗಲಿ. ಕಾಲು ತಿರಗಿದ್ರ ಅದು ನಡದಂಗೇ. ನಾನೇ ನಿಂತು ಕಾಲು ತೊಳಸ್ತೀನಿ.”

ಬಾಕಿನವರೆಲ್ಲ ತಲೆ ಆಡಿಸಿದರು. ಮೋಟರ್ ಇರಬಹುದು, ರೇಸ್ ಇರಬಾರದು. ಆ ಬಾಕಿನ ಮೇಲಿನ ಒಬ್ಬನೂ ಇಂಥ ಸೈಕಲ್ ಹತ್ತಿದವನಲ್ಲ.

ಅಕ್ಟೋಬರ್ ೧೮

ಇಡೀ ದಿನ ಸಿಟ್ಟು. ಮೂರು ಟ್ಯೂಬ್ ಹಚ್ಚಿದೆ, ಎರಡು ಮತ್ತೆ ಸೋರಿದವು.

ಅಕ್ಟೋಬರ್ ೨೩, ಗುರುವಾರ

ದೀಪಾವಳಿ ಮುಗಿಯಿತು. ಮನೆಯಲ್ಲಿ ಇನ್ನೂ ಸಿಡಿಯುತ್ತಿರುವುದು ನಾವೇ.

ನೀಲೇಶಣ್ಣನ ಬಳಿ ಎಲ್ಲದಕ್ಕೂ ಉಪಾಯ ಇದೆ. ಕೈ ಹಿಡಿಕೆಯ ಥ್ರಾಟಲ್ ತೆಗೆದುಬಿಡುವುದು, ಹಾರ್ನಿನ ಪಕ್ಕ ಚಿಕ್ಕ ಗುಂಡಿಯೊಂದನ್ನು ಹಾಕುವುದು. ಒತ್ತಿದರೆ ಅದೇ ಕೆಲಸ. ನೋಡಿದವರಿಗೆ ಲೈಟಿನ ಗುಂಡಿ ಅನ್ನಿಸಬೇಕು.

“ಹಚ್ಚು,” ಅಂದಳು ಅತ್ತೆ. “ಯಾರ ನೋಡ್ತಾರ?”

“ಕಾಕಾ ಕೇಳಿದ್ರ ನಾ ಅದ ಅಂತ ಹೇಳ್ತೀನಿ,” ಅಂದೆ.

“ನಿನ್ನ ಯಾರ ಕೇಳ್ತಾರ, ಖೋಡಿ? ನೀ ಬರಂಗೇ ಇಲ್ಲ.”

“ಹಚ್ಚೋಕಿ ನಾ. ಹಚ್ಚಿದ ದಿನಾನೇ ಉಮರ್ಗಾಕ್ಕ ಹೋಗಿ ಹೇಳಿ ಬರ್ತೀನಿ.”

ಎಲ್ಲರೂ ನನ್ನನ್ನೇ ನೋಡಿದರು. ಅವ್ವ ಹಣೆ ಒತ್ತಿಕೊಂಡಳು. ನೀಲೇಶಣ್ಣ ಅಂದ, “ಬಾರಾವಿ ಪರೀಕ್ಷಾದಾಗನೂ ಹಿಂಗೇ ಮಾಡಿ ಮನ್ಯಾಗ ಕುಂತಿ. ಇನ್ನೂ ಬುದ್ಧಿ ಬಂದಿಲ್ಲ.”

ಹನ್ನೆರಡನೆಯ ತರಗತಿ ಪರೀಕ್ಷೆಯ ಕೋಣೆಯಲ್ಲಿ ಮಾಸ್ತರರೇ ಉತ್ತರ ಹೇಳಿ ಬರೆಸುತ್ತಿದ್ದರು. ನಾನು ಬರೆಯುವುದಿಲ್ಲ ಎಂದು ಪೇಪರ್ ಇಟ್ಟು ಎದ್ದು ಬಂದೆ. ಮುಂದಿನ ವರ್ಷ ಕೂಡು ಅಂದರು. ಮುಂದಿನ ವರ್ಷವೂ ಅವರೇ ಹೇಳಿ ಬರೆಸುವವರು. ಹೋಗಲಿಲ್ಲ. ಅದರಲ್ಲಿ ನನಗೆ ಬುದ್ಧಿ ಬರಬೇಕಾದದ್ದು ಏನೂ ಕಾಣುವುದಿಲ್ಲ.

ನನಗೇನು ಥ್ರಾಟಲ್ ಬೇಡವೆ? ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ನನಗೆ. ಆದರೆ ಇದ್ದರೆ ಕಾಣುವಂತೆ ಇರಬೇಕು.

ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಸಂಜೆ ನಾನು ಎದುರಿಗೇ ಕೂತಿದ್ದೆ. “ಮಂಗಲಾ, ನಿನ್ನ ಮಗಳಿಗೆ ಹೇಳು, ಚಹಾ ಆರಲಿಕತ್ತದ,” ಅಂದಳು. ಅವ್ವ ನನ್ನತ್ತ ತಿರುಗಿ, “ಚಹಾ ಆರಲಿಕತ್ತದಂತ,” ಅಂದಳು. ನಾನು, “ಆರಲಿ ಅಂತ ಹೇಳವ್ವಾ,” ಅಂದೆ.

ಅಕ್ಟೋಬರ್ ೨೭, ಸೋಮವಾರ

ಥ್ರಾಟಲ್ ತೆಗೆದೆ. ವೈರಿನ ತುದಿಗೆ ಟೇಪು ಸುತ್ತಿದೆ.

ಈಗ ತಿಳಿಯಿತು ಪೆಡಲ್ ಇಟ್ಟವರು ಏನು ಮಾಡಿದ್ದಾರೆಂದು. ಪೆಡಲಿನ ಬುಡದಲ್ಲಿ ಒಂದು ಸೆನ್ಸರ್ ಇದೆ. ಪೆಡಲ್ ಅರ್ಧ ಸುತ್ತು ತಿರುಗಿದ ಮೇಲೆ ಮೋಟರಿಗೆ ಸುದ್ದಿ ಮುಟ್ಟುತ್ತದೆ. ಸಪಾಟು ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಏರಿನಲ್ಲಿ ನಿಂತ ಸೈಕಲ್ಲನ್ನು ಎಬ್ಬಿಸುವಾಗ ಆ ಅರ್ಧ ಸುತ್ತನ್ನು ಪೂರ್ತಿ ಕಾಲಿನಿಂದಲೇ ತುಳಿಯಬೇಕು. ಅತ್ತೆಯ ಮೊಣಕಾಲಿಗೆ ಆಗದಿರುವುದು ಅದೊಂದೇ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಮೋಟರ್ ಎಷ್ಟು ಕಡಿಮೆ ಇಟ್ಟರೂ ಒಮ್ಮೆ ಹಿಡಿಯಿತೆಂದರೆ ಓಡುವವನ ವೇಗಕ್ಕೆ ಒಯ್ಯುತ್ತದೆ. ನಡೆಯುವವರ ವೇಗ ಅದಕ್ಕೆ ಗೊತ್ತೇ ಇಲ್ಲ. ಬ್ರೇಕ್ ಹಿಡಿದರೆ ಮೋಟರ್ ಬಂದ್, ಬಿಟ್ಟು ತುಳಿದರೆ ಮತ್ತೆ ಅರ್ಧ ಸುತ್ತು, ಮತ್ತೆ ಜಿಗಿತ. ಥ್ರಾಟಲ್ ಇದ್ದಾಗ ಒಂದು ಕೂದಲೆಳೆಯಷ್ಟು ತಿರುಗಿಸಿದರೆ ಎಮ್ಮೆಯ ಜೊತೆಗೂ ಹೋಗಬಹುದಿತ್ತು.

ಅಂದರೆ ಅತ್ತೆ ನಡೆಯುವವರ ಜೊತೆ ಇರಬೇಕು ಎಂದು ಇವರು ಕಿತ್ತು ಹಾಕಿಸಿದ್ದು, ಅವಳು ನಡೆಯುವವರ ಜೊತೆ ಇರಲು ಬೇಕಾದ ಒಂದೇ ಒಂದು ಸಾಮಾನನ್ನು. ಇದನ್ನು ಯಾರಿಗೆ ಹೇಳಲಿ? ಅಪ್ಪನಿಗೆ ಹೇಳಿದೆ. “ಕಾಕಾ ಹೇಳ್ಯಾರಂದ್ರ ಏನೋ ಇರಬೇಕು,” ಅಂದ.

ನವೆಂಬರ್ ೧, ಶನಿವಾರ

ಅತ್ತೆ ಬಿದ್ದಳು.

ಹೊಲದ ದಾರಿಯ ಏರಿನಲ್ಲಿ ದನ ಅಡ್ಡ ಬಂದವು, ನಿಂತಳು. ಮತ್ತೆ ಹೊರಡಲು ತುಳಿದಳು. ಮೊಣಕಾಲು ಕೇಳಲಿಲ್ಲ, ಮೋಟರಿಗೆ ಸುದ್ದಿ ಮುಟ್ಟಲಿಲ್ಲ. ಸೈಕಲ್ ಸಮೇತ ಪಕ್ಕಕ್ಕೆ ಒರಗಿದಳು. ಅಂಗೈ ತರಚಿತು, ಬಳೆ ಒಡೆದವು. ನಾನು ಓಡಿ ಹೋಗಿ ಎತ್ತಲು ಕೈ ಚಾಚಿದೆ. ಹಿಡಿಯಲಿಲ್ಲ. ಮಣ್ಣಿನಲ್ಲಿ ಕೂತೇ ಇದ್ದಳು.

“ನಿನ್ನ ಸತ್ಯಾ ಹಿಡದು ಏಳಲೇನು?” ಅಂದಳು. ಎಂಟೊಂಬತ್ತು ದಿನದಲ್ಲಿ ನನಗೆ ನೇರವಾಗಿ ಆಡಿದ ಮೊದಲ ಮಾತು.

ಅಂಗಡಿಗೆ ಬಂದು ಬಾಗಿದ ಪೆಡಲನ್ನು ಸುತ್ತಿಗೆಯಿಂದ ಹೊಡೆದೆ. ನೆಟ್ಟಗಾದ ಮೇಲೂ ಹೊಡೆದೆ.

ನವೆಂಬರ್ ೪, ಮಂಗಳವಾರ

ಸೈಕಲ್ ತೆಗೆದುಕೊಂಡು ಉಮರ್ಗಾಕ್ಕೆ ಹೋಗಿ ಬಸವಣ್ಣೆಪ್ಪ ಕಾಕಾನ ಅಂಗಡಿ ಮುಂದೆ ನಿಲ್ಲಿಸಿದೆ.

“ರೇಸ್ ತಗದೀನ್ರೀ ಕಾಕಾ. ನೀವೇ ಒಂದ್ ಸಲ ಹತ್ತಿ ನೋಡ್ರಿ. ರೇವಣಪ್ಪಜ್ಜ ಮುಂದ ನಡೀಲಿ. ನೀವು ಅವರ ಬಾಜೂಕ ಬರ್ರಿ. ಓಣಿ ತುದಿತನಕ. ಅಷ್ಟೇ.”

ಗಿರಾಕಿಗಳಿದ್ದರು. ಬೇಡ ಅನ್ನಲಾಗಲಿಲ್ಲ ಅವನಿಗೆ. ಧೋತರ ಮೇಲಕ್ಕೆ ಕಟ್ಟಿ ಹತ್ತಿದ. ಅಜ್ಜ ಗಂಭೀರವಾಗಿ ಹೆಜ್ಜೆ ಹಾಕಿದ, ಕೈಯಲ್ಲಿ ಧ್ವಜ ಇದ್ದ ಹಾಗೆಯೇ. ಕಾಕಾ ತುಳಿದ. ಮೊದಲು ಏನೂ ಆಗಲಿಲ್ಲ, ಆಮೇಲೆ ಎಲ್ಲವೂ ಒಮ್ಮೆಗೇ ಆಯಿತು. ಅಜ್ಜನನ್ನು ದಾಟಿ ಮುಂದೆ ಹೋದ.

“ಏ ಬಸವಣ್ಣೆಪ್ಪಾ, ಉದಗೀರಕ್ಕ ಈಗೇ ಹೊಂಟ್ಯೇನೋ?” ಅಜ್ಜ ಹಿಂದಿನಿಂದ ಕೂಗಿದ.

ಕಾಕಾ ಬ್ರೇಕ್ ಹಿಡಿದ, ಓಲಾಡಿದ, ಕಾಲೂರಿದ. ಅಜ್ಜ ಬಂದು ಸೇರಿದ. ಮತ್ತೆ ತುಳಿದ, ಮತ್ತೆ ಜಿಗಿಯಿತು. ಮೂರನೆಯ ಸಲ ಪಕ್ಕದ ಅಂಗಡಿಯ ಪೊರಕೆ ಕಟ್ಟುಗಳೊಳಗೆ ಹೋಗಿ ನಿಂತ. ಓಣಿ ನಕ್ಕಿತು. ಪೊರಕೆ ಅಂಗಡಿಯ ಹೆಂಗಸು ಮರಾಠಿಯಲ್ಲಿ ಏನೋ ಅಂದಳು, ಬರೆಯುವಂಥದ್ದಲ್ಲ.

“ಇದು ನಡಿಯೋರ ಸಂಗಟ ನಿಲ್ಲಂಗೇ ಇಲ್ಲಲ್ಲ!” ಅಂದ ಏದುಸಿರು ಬಿಡುತ್ತ.

“ಅದನ್ನೇ ಹೇಳಲಿಕತ್ತೀನ್ರೀ. ರೇಸ್ ಇದ್ರ ನಿಲ್ತದ.”

ಗೆದ್ದೆ ಅಂದುಕೊಂಡೆ. ಕಾಕಾ ಧೋತರದಿಂದ ಪೊರಕೆ ಕಡ್ಡಿಗಳನ್ನು ಒಂದೊಂದಾಗಿ ತೆಗೆದ. ಆಮೇಲೆ ಯಾರಿಗೂ ಕೇಳದಂತೆ ಅಂದ, “ನೀ ಹೇಳೂದು ಖರೆ ಇರಬಹುದವ್ವಾ. ಆದ್ರ ರೇಸ್ ಬ್ಯಾಡ ಅಂತ ಎಲ್ಲಾರ ಮುಂದ ಅಂದು ಬಿಟ್ಟೀನಿ. ಈಗ ತಿರಗಿ ಹ್ಯಾಂಗ ಅನ್ಲಿ?”

ಏನಾದರೂ ಸುಳ್ಳು ಕಾರಣ ಕೊಟ್ಟಿದ್ದರೆ ಜಗಳಾಡಬಹುದಿತ್ತು. ನಿಜ ಹೇಳಿ ಕೈ ಕಟ್ಟಿಹಾಕಿದ. ನನ್ನೊಡನೆ ಮಾತಾಡುವವರಿಗೂ ಹೀಗೇ ಆಗುತ್ತಿರಬೇಕು.

ನವೆಂಬರ್ ೯, ರವಿವಾರ

ಉಳಿದದ್ದು ಒಂದೇ ದಾರಿ. ಯಾರಾದರೂ ಅತ್ತೆಯ ಜೊತೆ ನಡೆಯಬೇಕು. ಸೈಕಲ್ ಹೊರಡುವಾಗ ಹಿಂದಿನಿಂದ ಅರ್ಧ ಸುತ್ತಿನಷ್ಟು ನೂಕಬೇಕು, ಮೋಟರ್ ಜಿಗಿಯುವಾಗ ಕ್ಯಾರಿಯರ್ ಹಿಡಿದು ಎಳೆಯಬೇಕು. ಅಪ್ಪನಿಗೆ ಅಂಗಡಿ, ಅವ್ವನಿಗೆ ಹೊಲ. ನೀಲೇಶಣ್ಣನಿಗೆ ಉಪಾಯಗಳು.

ನಾನು ಹೋಗುತ್ತೇನೆ ಅಂದೆ. ಭಕ್ತಿಗಲ್ಲ, ಮೋಟರಿನ ಸಲುವಾಗಿ. ಜೋಡಿಸಿದ್ದು ನಾನು, ಕೆಡಿಸಿದ್ದೂ ನಾನು.

“ಇಕಿ ಬರೂದು ಬ್ಯಾಡ,” ಅಂದಳು ಅತ್ತೆ. “ದಾರಿಮ್ಯಾಲ ಸಿಕ್ಕೋರಿಗೆಲ್ಲಾ ಮೋಟರ್ ಅದ, ಮೋಟರ್ ಅದ ಅಂತ ಡಂಗುರಾ ಹೊಡಕೋತ ಬರ್ತಾಳ.”

“ಕೇಳಿದ್ರ ಹೇಳ್ತೀನಿ. ಕೇಳದಿದ್ರ ಬಾಯಿ ಬಿಡಂಗಿಲ್ಲ.”

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಚಪ್ಪಲಿ ಛಲೋವು ಹಾಕ್ಕೋ,” ಅಂದಳು.

ನವೆಂಬರ್ ೧೪, ಶುಕ್ರವಾರ. ಕಾಸಾರ ಶಿರಸಿ

ಚಪ್ಪಲಿ ಛಲೋವು ಅಲ್ಲ.

ಇಪ್ಪತ್ತೈದು ಮೂವತ್ತು ಜನ. ಮುಂದೆ ಧ್ವಜ, ಹಿಂದೆ ನಾವು. ಪ್ರತಿ ಊರಿನಲ್ಲಿ ಚಹಾ, ಅಂದರೆ ಪ್ರತಿ ಊರಿನಲ್ಲಿ ನಿಲ್ಲುವುದು, ಅಂದರೆ ಪ್ರತಿ ಊರಿನಲ್ಲಿ ನೂಕುವುದು. ಮಳೆಗಾಲ ರಸ್ತೆಯನ್ನು ತಿಂದು ಹಾಕಿದೆ. ಎಡಗೈ ಕ್ಯಾರಿಯರ್ ಮೇಲೆ, ಬಲಗೈ ಸೊಂಟದ ಮೇಲೆ. ಕಾಲಿನ ಲೆಕ್ಕ ಬಿಡಿ, ಭುಜವೇ ನನ್ನದಲ್ಲ ಅನ್ನಿಸುತ್ತಿದೆ. ನನ್ನ ವೇಗಕ್ಕೆ ಹೋಗಬಹುದಾಗಿದ್ದರೆ ಮಧ್ಯಾಹ್ನಕ್ಕೇ ತಲುಪುತ್ತಿದ್ದೆ. ಇವರು ನಡೆಯುವುದನ್ನು ನೋಡಿದರೆ ಕಿರಿಕಿರಿಯಾಗುತ್ತದೆ. ಮಲಕಮ್ಮ ಎಂಬ ಮುದುಕಿ ನನ್ನ ಜೊತೆಗೇ ನಡೆದಳು, ತನ್ನ ಮೂವರು ಸೊಸೆಯರಲ್ಲಿ ಮೊದಲನೆಯವಳನ್ನು ಬೈಯುತ್ತ. ಎರಡನೆಯವಳ ಸರದಿ ನಾಳೆಗೆ ಉಳಿದಿದೆ.

ನವೆಂಬರ್ ೧೫. ನಿಲಂಗಾ

ಎರಡನೆಯ ಸೊಸೆ ಅಷ್ಟು ಕೆಟ್ಟವಳಲ್ಲ ಅಂತ ನನಗೆ ಅನ್ನಿಸುತ್ತದೆ. ಮಲಕಮ್ಮನಿಗೂ ಹೇಳಿದೆ. ಒಪ್ಪಲಿಲ್ಲ.

ಸಂಜೆ ನಿಲಂಗಾದಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಊಟ. ಯಜಮಾನಿತಿ ಶಿವಗಂಗಾಬಾಯಿ ಕಡಕ್ ರೊಟ್ಟಿ ಬಡಿಸುತ್ತ ಅತ್ತೆಯ ಮುಂದೆ ಬಂದಾಗ ನಿಂತು ಕೇಳಿದಳು, “ಅಕ್ಕಾರ, ಈ ಕಾಲು ಇಟ್ಟಕೊಂಡು ನೀವೂ ನಡಕೋತ ಬಂದ್ರ್ಯಾ?”

“ಹೂಂ,” ಅಂದಳು ಅತ್ತೆ, ರೊಟ್ಟಿ ಮುರಿಯುತ್ತ.

ಅಷ್ಟಕ್ಕೆ ಮುಗಿಯಬೇಕಿತ್ತು. ಶಿವಗಂಗಾಬಾಯಿ ನನ್ನತ್ತ ತಿರುಗಿದಳು. “ಹೌದೇನವ್ವಾ? ಅಬ್ಬಾ!”

ಕೇಳಿದಳು. ನಾನೇನು ಮಾಡಲಿ. “ಇಲ್ರೀ. ಸೈಕಲ್ ಮ್ಯಾಲ ಬಂದಾಳ. ಮೋಟರ್ ಅದ. ಪೆಡಲ್ ಇಕಿನೇ ತುಳದಾಳ,” ಅಂದೆ.

ಶಿವಗಂಗಾಬಾಯಿ ಏನೂ ತಪ್ಪು ಮಾತಾಡಲಿಲ್ಲ, “ಹೌದಾ” ಅಂದು ಮುಂದಿನ ತಾಟಿಗೆ ಹೋದಳು. ಅತ್ತೆ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದಳು.

ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬಂದಿದೆ. ಆದರೂ ಇನ್ನೇನು ಹೇಳಬಹುದಿತ್ತು ಎಂದು ಇಷ್ಟು ಹೊತ್ತು ಯೋಚಿಸಿದರೂ ಸಿಗಲಿಲ್ಲ.

ನವೆಂಬರ್ ೧೬. ದೇವಣಿ

ಬೆಳಿಗ್ಗೆ ಹೊರಡುವಾಗ ಅತ್ತೆ ಬ್ಯಾಟರಿಯ ಕೀಲಿ ತಿರುಗಿಸಿ, ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇದೇನು?”

“ಮೋಟರ್ ಅದ, ಮೋಟರ್ ಅದ ಅಂತಿದ್ದೆಲ್ಲ. ಈಗ ಇಲ್ಲ. ಇನ್ನ ಯಾರ ಕೇಳಿದ್ರೂ ಇಲ್ಲ ಅಂತ ಹೇಳು.”

“ಅತ್ತಿ, ಮೊಣಕಾಲು ಹೋಗ್ತದ.”

“ನನ್ನ ಮೊಣಕಾಲು. ನೀ ಮುಚ್ಚಕೊಂಡು ನೂಕು.”

ಮೋಟರ್ ಸತ್ತ ಸೈಕಲ್ ಸತ್ತ ಎತ್ತಿನಷ್ಟು ಭಾರ. ಇಡೀ ದಿನ ನೂಕಿದೆ. ಅವಳು ತುಳಿದಳು, ತುಟಿ ಕಚ್ಚಿಕೊಂಡು. ಮಾಂಜರಾ ಸೇತುವೆ ದಾಟಿದ ಮೇಲಿನ ಏರಿನಲ್ಲಿ ಇಬ್ಬರಿಗೂ ಆಗಲಿಲ್ಲ. ನಾವು ಹಿಂದೆ ಉಳಿದದ್ದು ನೋಡಿ ಬಸವಣ್ಣೆಪ್ಪ ಕಾಕಾ ತಿರುಗಿ ಬಂದ. ಅವನೊಂದು ಕಡೆ ನಾನೊಂದು ಕಡೆ. ರೇವಣಪ್ಪಜ್ಜನೂ ಧ್ವಜವನ್ನು ಮಲಕಮ್ಮನ ಕೈಗೆ ಕೊಟ್ಟು ಬಂದು ಕೈ ಹಚ್ಚಿದ.

“ಬಿಡ್ರೋ!” ಅತ್ತೆ ಕಿರುಚಿದಳು. “ನಾಲ್ಕ ಮಂದಿ ಕೂಡಿ ಒಯ್ಯಲಿಕ್ಕ ನಾ ಏನ ಹೆಣಾ ಏನು?”

“ಹೆಣಾ ಇಷ್ಟ ಮಾತಾಡಂಗಿಲ್ಲ ಪ್ರಯಾಗಕ್ಕಾ, ಹಗುರೂ ಇರ್ತದ,” ಅಂದ ಅಜ್ಜ.

ಅವಳು ನಗಲಿಲ್ಲ. ಇಳಿದು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಳು. ಮೊಣಕಾಲು ಸೀರೆಯ ಒಳಗಿನಿಂದಲೇ ಉಬ್ಬಿ ಕಾಣುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಮಾತ್ರ ಅಲ್ಲ. ಕಾಕಾ ಅದನ್ನು ನೋಡಿದ. ರಸ್ತೆ ನೋಡಿದ. ಕೊನೆಗೆ ನನ್ನನ್ನು ನೋಡಿದ.

“ಆ ರೇಸ್ ಹಚ್ಚಿಬಿಡು ತಂಗಿ. ಯಾರ ಏನಂದ್ರೂ ನಾ ನೋಡಕೋತೀನಿ.”

“ಮನ್ಯಾಗ ಅದರೀ.”

“ಮನ್ಯಾಗ?”

“ಬ್ಯಾಡ ಅಂದಿದ್ರಿ. ಬಿಟ್ಟು ಬಂದೀನಿ.”

ಕಾಕಾ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಬೇರೆ ಯಾರಾದರೂ ಚೀಲದೊಳಗೆ ಅಡಗಿಸಿ ತಂದಿರುತ್ತಿದ್ದರಂತೆ. ಇರಬಹುದು. ನಾನು ಅತ್ತೆಯ ಮುಂದೆ ಅಂಗೈ ಚಾಚಿ ನಿಂತೆ. ಅವಳು ಸೊಂಟದಿಂದ ಕೀಲಿ ತೆಗೆದು ಅಂಗೈ ಮೇಲೆ ಇಟ್ಟಳು. ಮೋಟರ್ ಹಾಕಿದೆ. ದೇವಣಿವರೆಗೆ ಮಲಕಮ್ಮ ಬಾಕಿ ಇದ್ದ ಮೂರನೆಯ ಸೊಸೆಯನ್ನು ಬೈದು ಮುಗಿಸಿದಳು.

ನವೆಂಬರ್ ೧೭, ಸೋಮವಾರ. ಉದಗೀರ

ಮುಟ್ಟಿದೆವು.

ಮಠದ ಬಾಗಿಲಲ್ಲಿ ಉದ್ದ ಹಲಗೆ ಹಾಕಿದ್ದರು. ನಡೆದು ಬಂದವರು ಸಾಲಾಗಿ ಕೂತರು. ಕಾಕಾ ಎಲ್ಲರಿಗೂ ಕೇಳುವಂತೆ, “ಪ್ರಯಾಗಕ್ಕಾ, ಇಲ್ಲೇ ಕೂಡ್ರಿ, ನನ್ನ ಬಾಜೂಕ,” ಅಂದ. ಅತ್ತೆ ಕೂತಳು. ನಾನು ಸೈಕಲ್ ಹಿಡಿದು ಹಿಂದೆ ನಿಂತೆ. ಮನೀಷಾ ಎಂದು ಎಲ್ಲರೂ ಕರೆಯುತ್ತಿದ್ದ, ನನ್ನದೇ ವಯಸ್ಸಿನ ಹುಡುಗಿ ತಾಮ್ರದ ಬಿಂದಿಗೆ ಹಿಡಿದು ಒಬ್ಬೊಬ್ಬರ ಕಾಲು ತೊಳೆಯುತ್ತ ಬಂದಳು. ಅವಳು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕೇಳದಿದ್ದರೆ ಬಾಯಿ ಬಿಡುವುದಿಲ್ಲ ಎಂಬ ಮಾತಿತ್ತು. ಹಲ್ಲು ಕಚ್ಚಿ ನಿಂತೆ. ಈ ಸಲ ಯಾರೂ ಕೇಳದೇ ಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಯಾರಿಗೆ ಅಂದುಕೊಂಡೆನೋ ಗೊತ್ತಿಲ್ಲ.

ಮನೀಷಾ ಅತ್ತೆಯ ಮುಂದೆ ಬಗ್ಗಿದಳು. ಅತ್ತೆ ಎರಡೂ ಕಾಲನ್ನು ಹಲಗೆಯ ಕೆಳಗೆ ಎಳೆದುಕೊಂಡಳು.

“ನಂದು ಬ್ಯಾಡವ್ವಾ. ನಾ ಗಾಡಿ ಮ್ಯಾಲ ಬಂದಾಕಿ. ನಡದಾಕಿ ಹಿಂದ ನಿಂತಾಳ ನೋಡು, ಮಾರಿ ಗಂಟ ಹಾಕ್ಕೊಂಡು. ಇಕಿದು ತೊಳಿ.”

“ಪ್ರಯಾಗಕ್ಕಾ, ನಾ ಹೇಳೀನಲ್ಲ, ಕಾಲು ತಿರಗಿದ್ರ...” ಕಾಕಾ ಶುರು ಮಾಡಿದ.

“ನೀ ಹೇಳ್ತಿ ಬಸವಣ್ಣೆಪ್ಪಾ. ನೂಕಿದಾಕಿ ಇಕಿ.” ಎದ್ದು, ನನ್ನ ಕೈಯಿಂದ ಸೈಕಲ್ ಕಸಿದುಕೊಂಡು, ನನ್ನ ಭುಜ ಹಿಡಿದು ತನ್ನ ಜಾಗದಲ್ಲಿ ಕೂಡಿಸಿದಳು.

“ನಾ ಯಾತ್ರಾಕ್ಕ ಬಂದಾಕಿ ಅಲ್ರೀ,” ಎಂದು ಮನೀಷಾಗೆ ಹೇಳಿದೆ. “ಸೈಕಲ್ ಸಲುವಾಗಿ ಬಂದೀನಿ. ನನಗ ಇದೆಲ್ಲಾ ನಂಬಿಕಿನೂ ಇಲ್ಲ.”

“ನಡದು ಬಂದೀಯೋ ಇಲ್ಲೋ?”

ಕೇಳಿದಳು. “ನಡದೀನಿ.”

“ಮತ್ತ ಕಾಲು ಚಾಚು. ನನಗ ಇನ್ನೂ ಹನ್ನೆರಡ ಮಂದಿ ಅದಾರ.”

ನೀರು ತಣ್ಣಗಿತ್ತು. ಬೊಬ್ಬೆ ಒಡೆದ ಕಡೆ ಉರಿಯಿತು. ಅವಳು ಬೆರಳ ಸಂದಿಯ ಮಣ್ಣನ್ನೆಲ್ಲ ತೆಗೆಯುತ್ತಿದ್ದಳು, ನನಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಅತ್ತೆ ಸೈಕಲ್ ಹಿಡಿದು ಕುಂಟುತ್ತ ಪಕ್ಕದ ಬಾಗಿಲಿನ ಕಡೆ ಹೋದಳು. ಟೆಂಪೋ ಡ್ರೈವರ್ ಅಲ್ಲಿ ಚಹಾ ಕುಡಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನಿಗೆ ಏನೋ ಕೂಗಿ ಬೈಯುವುದು ಕೇಳಿಸಿತು. ದೊಡ್ಡ ದನಿಯಲ್ಲಿ, ಮೊದಲಿನ ಹಾಗೆ.

ಕಣ್ಣಿಗೆ ಏನೋ ಬಿತ್ತು. ಧೂಳಿರಬೇಕು ಎಂದು ಬರೆಯಬಹುದು. ಧೂಳಲ್ಲ.

ನವೆಂಬರ್ ೨೧, ಶುಕ್ರವಾರ. ತುರೋರಿ

ಭುಜ ಇನ್ನೂ ನೋಯುತ್ತಿದೆ. ಅಪ್ಪ ನಾನಿಲ್ಲದ ಹೊತ್ತಿನಲ್ಲಿ ಪಾನಾಗಳನ್ನೆಲ್ಲ ಎಲ್ಲೆಲ್ಲೋ ಇಟ್ಟಿದ್ದಾನೆ. ಹುಡುಕುವುದರಲ್ಲೇ ಬೆಳಗು ಹೋಯಿತು.

ಅತ್ತೆ ಅಂಗಡಿಗೆ ಬಂದು, “ರೇಸ್ ಹಚ್ಚು,” ಅಂದಳು. “ಬರೋ ವರ್ಷ ಗಾಡಿ ಅಂತ ಹೇಳೇ ಬರ್ತೀನಿ. ಬಾಜೂಕಿನ ಬಾಗಲದಾಗ ಚಹಾ ಛಲೋ ಕೊಡ್ತಾರ.”

ಹಚ್ಚಿದೆ. ಎಲ್ಲರಿಗೂ ಕಾಣುವ ಹಾಗೆ, ಬಲಗಡೆ, ದಪ್ಪನೆಯದು. ಅವಳ ಕೈ ನೋಯದಂತೆ ಸ್ಪ್ರಿಂಗ್ ಸ್ವಲ್ಪ ಸಡಿಲು ಮಾಡಿದೆ. ಥ್ರಾಟಲ್ ಬೇಕೋ ಬೇಡವೋ ಎಂದು ಯಾರಾದರೂ ಗಿರಾಕಿ ಕೇಳಿದರೆ ಬೇಕು ಅನ್ನುತ್ತೇನೆ. ನಿಂತಲ್ಲಿಂದ ಏಳುವುದಕ್ಕೆ ಬೇಕು, ಮೆಲ್ಲಗೆ ಹೋಗುವುದಕ್ಕೆ ಬೇಕು. ಜೋರು ಹೋಗುವುದಾದರೆ ಪೆಡಲ್ ಸಾಕು.

ಪರೀಕ್ಷೆಗೆಂದು ಅವಳೊಡನೆ ಹೊಲದ ದಾರಿ ಹಿಡಿದೆ. ಏರಿನಲ್ಲಿ ನಿಲ್ಲಿಸಿದಳು, ಚೂರು ತಿರುಗಿಸಿದಳು, ಸೈಕಲ್ ಎದ್ದು ಹೊರಟಿತು. ನೂಕುವುದೇನೂ ಇರಲಿಲ್ಲ. ಅಲ್ಲಿಗೆ ಪರೀಕ್ಷೆ ಮುಗಿಯಿತು, ನಾನು ತಿರುಗಿ ಅಂಗಡಿಗೆ ಬರಬಹುದಿತ್ತು. ಪಾನಾ ಹುಡುಕುವುದು ಬಾಕಿ ಇತ್ತು. ಅತ್ತೆ ಸೋಯಾ ದರದ ಬಗ್ಗೆ ಏನೋ ಹೇಳುತ್ತಿದ್ದಳು, ಮಾತು ಮುಗಿಯಲಿ ಎಂದು ಜೊತೆಗೇ ನಡೆದೆ. ಹೊಲದ ಬೇಲಿ ಬಂತು. ಮಾತು ಮುಗಿದಿರಲಿಲ್ಲ.

“ಕೈ ತಗಿ ಖೋಡಿ,” ಅಂದಳು ಹಿಂದೆ ನೋಡದೆ. “ರೇಸ್ ಅದ ಈಗ.”

ನೋಡಿದರೆ ಎಡಗೈ ಕ್ಯಾರಿಯರ್ ಮೇಲಿತ್ತು.

“ಹಿಡದಿಲ್ಲ,” ಅಂದೆ. “ಬರೇ ಇಟ್ಟೀನಿ.”